ಕಂಡ ಕರ್ಣನೂ ಕಾಣದ ಏಕಲವ್ಯನೂ

ಕೀರ್ತಿ ಎಂಬುದು ಪರರ ಕಣ್ಣಿನಲ್ಲಿ ಬೆಳೆಯುವ ಬೆಳೆ. ಉಳುವವರು ನಾವು, ಬಿತ್ತುವವರು ನಾವು. ತೆನೆ ಕಟ್ಟುವುದು ಮಾತ್ರ ನೋಡುವವರ ಹೊಲದಲ್ಲಿ. ಭಾರತದ ಕಥೆಯನ್ನು ಬಲ್ಲ ನಮ್ಮ ಜನಕ್ಕೆ ಈ ಮಾತನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಸ್ತಿನಾವತಿಯಲ್ಲಿ ರಾಜಕುಮಾರರ ಶಸ್ತ್ರವಿದ್ಯಾ ಪ್ರದರ್ಶನ ನಡೆದ ದಿನ, ಕರೆಯದೆ ಬಂದ ತರುಣನೊಬ್ಬ ಅರ್ಜುನನಿಗೆ ಸಮನಾಗಿ ನಿಂತು ತನ್ನ ಕೈಚಳಕವನ್ನು ತೋರಿಸಿದ. ಹಿರಿಯರು ಅವನ ಕುಲವನ್ನು ಕೇಳಿದರು. ದುರ್ಯೋಧನ ಕುಲವನ್ನು ಕೇಳಲಿಲ್ಲ; ಅಲ್ಲಿಯೇ ಅಂಗರಾಜ್ಯವನ್ನಿತ್ತು ಅವನನ್ನು ತನ್ನವನನ್ನಾಗಿ ಮಾಡಿಕೊಂಡ. 941ರ ಸುಮಾರಿಗೆ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಈ ಪ್ರಸಂಗವನ್ನು ಬರೆದಂದಿನಿಂದ ಕನ್ನಡಿಗರು ಅದನ್ನು ಓದುತ್ತಲೇ ಇದ್ದಾರೆ. ವ್ಯಾಸರ ಭಾರತದಲ್ಲಿ ಏಕಲವ್ಯನೂ ಇದ್ದಾನೆ. ಅವನ ವಿದ್ಯೆ ಕರ್ಣನ ವಿದ್ಯೆಗೆ ಕಡಿಮೆಯದೆಂದು ಯಾರೂ ಹೇಳಲಾರರು. ಆದರೆ ಅವನು ಬಿಲ್ಲು ಹಿಡಿದುದು ಕಾಡಿನಲ್ಲಿ, ಅಲ್ಲಿ ಸಭೆಯಿರಲಿಲ್ಲ. ಒಬ್ಬನನ್ನು ರಂಗವೆಲ್ಲ ಕಂಡಿತು, ಅವನಿಗೆ ರಾಜ್ಯ ಬಂದಿತು. ಇನ್ನೊಬ್ಬನನ್ನು ಕಂಡವರು ನಾಲ್ಕಾರು ಮಂದಿ, ಅವನ ಹೆಬ್ಬೆರಳು ಹೋಯಿತು.

ಈ ಎರಡು ಹೆಸರುಗಳನ್ನು ತರಗತಿಯಲ್ಲಿ ಹೇಳುವುದು ನನ್ನ ಕಸುಬು. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕ. ಆಟದ ಬಯಲಿಗೂ ನನಗೂ ಇರುವ ಸಂಬಂಧ ಅದರ ಅಂಚಿನ ಬೇವಿನ ಮರದ ನೆರಳಿನದು. ಆದರೂ ಈಚೆಗೆ ಕೆಲವು ವರ್ಷಗಳಿಂದ, ಪ್ರವೇಶದ ತಿಂಗಳುಗಳಲ್ಲಿ, ಒಂದು ಸಂಗತಿ ನನ್ನ ಗಮನವನ್ನು ಸೆಳೆಯುತ್ತಿದೆ. ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಕಬಡ್ಡಿಯಾಡಿ ಹೆಸರು ಮಾಡಿದ ಹುಡುಗರು ನಮ್ಮ ನಗರದ ಕಾಲೇಜುಗಳ ಬಾಗಿಲವರೆಗೆ ಬಂದು, ಒಳಗೆ ಬಾರದೆ ಮುಂದೆ ಹೋಗುತ್ತಾರೆ. ಮುಂದೆ ಎಂದರೆ ಬೆಂಗಳೂರಿಗೆ, ಕರಾವಳಿಗೆ, ಪರರಾಜ್ಯಕ್ಕೆ. ಕಾರಣವೇನೆಂದು ಕೇಳಿದರೆ ಬರುವ ಉತ್ತರ ಒಂದೇ: “ಅಲ್ಲಿ ಆಡಿದ್ರ ಟಿವ್ಯಾಗ ಬರ್ತೀವಿರಿ ಸರ್.” ಈ ಒಂದು ವಾಕ್ಯದ ಹಿಂದೆ ಏನೇನು ಅಡಗಿದೆ ಎಂಬುದನ್ನು ವಾಚಕರೊಡನೆ ವಿಚಾರಿಸಬೇಕೆಂಬುದು ನನ್ನ ಉದ್ದೇಶ.

ಮೊದಲು ದೂರದರ್ಶನದ ಮಾತು. ಅದು ನಮ್ಮ ರಾಜ್ಯವನ್ನು ಬೆಂಗಳೂರಿನ ಹೆಬ್ಬಾಗಿಲಿನಿಂದ ಪ್ರವೇಶಿಸಿತೆಂದು ಅನೇಕರು ತಿಳಿದಿದ್ದಾರೆ; ಹಾಗಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.–6 ಎಂಬ ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೂರದರ್ಶನದ ಮಹಾಪ್ರಯೋಗವೊಂದು ನಡೆಯಿತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ. ಪ್ರಯೋಗ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗದಲ್ಲಿಯೇ ಪ್ರಸಾರ ಕೇಂದ್ರ ತೆರೆಯಿತು. ರಾಜಧಾನಿ ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಹಿಂದುಳಿದುದೆಂದು ಹೆಸರಾದ ಈ ಸೀಮೆ ಈ ಒಂದು ವಿಷಯದಲ್ಲಿ ಬೆಂಗಳೂರಿಗಿಂತ ನಾಲ್ಕು ವರ್ಷ ಮುಂದಿತ್ತು.

ನಾನು ಹುಟ್ಟುವುದಕ್ಕೆ ಮುಂಚಿನ ಆ ದಿನಗಳ ಮಾತನ್ನು ಹಿರಿಯರಿಂದ ಕೇಳಿದ್ದೇನೆ. ಶಾಲೆಯ ಅಂಗಳದಲ್ಲಿ, ತಂತಿಬಲೆಯ ದೊಡ್ಡ ಛತ್ರಿಯನ್ನು ಮೇಲೆ ನಿಲ್ಲಿಸಿಕೊಂಡ ಒಂದು ಪೆಟ್ಟಿಗೆಯ ಮುಂದೆ ಊರೆಲ್ಲ ಕುಳಿತು ಒಕ್ಕಲುತನದ, ಆರೋಗ್ಯದ, ಮಿತಸಂಸಾರದ ಪಾಠ ಕೇಳುತ್ತಿತ್ತಂತೆ. ಆ ದೂರದರ್ಶನ ಗುರುವಿನ ವೇಷದಲ್ಲಿ ಬಂದಿತ್ತು. ಅದು ನಮಗೆ ಲೋಕವನ್ನು ತೋರಿಸಿತು. ನಮ್ಮನ್ನು ಲೋಕಕ್ಕೆ ತೋರಿಸಲಿಲ್ಲ. ಈ ಭೇದ ಸಣ್ಣದಾಗಿ ಕಂಡರೂ ಮುಂದಿನ ಎಲ್ಲ ಮಾತಿಗೂ ಅದೇ ಬುನಾದಿ.

ತೋರಿಸುವ ಶಕ್ತಿ ಎಂಥದೆಂಬುದು ದೇಶಕ್ಕೆ ತಿಳಿದುದು 1983ರಲ್ಲಿ. ಆ ವರ್ಷದ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವ್ ವಿಶ್ವಕಪ್ಪನ್ನು ಎತ್ತಿ ಹಿಡಿದುದನ್ನು ಮನೆಯಲ್ಲಿ ಕುಳಿತೇ ಕಂಡ ಮಕ್ಕಳು ಚಿಣ್ಣಿಕೋಲನ್ನು ಮೂಲೆಗಿಟ್ಟು ಬ್ಯಾಟನ್ನು ಹಿಡಿದರು. ಹುಣಿಸೆಯ ಮರದ ಹಲಗೆಯೂ ಬ್ಯಾಟಾಯಿತು, ಮೂರು ಜೋಳದ ದಂಟು ವಿಕೆಟ್ಟಾದುವು. ಆದರೆ ಇದೇ ವಿಶ್ವಕಪ್ಪಿನಲ್ಲಿ ಇನ್ನೊಂದು ಪಾಠವೂ ಇದೆ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ, ಜಿಂಬಾಬ್ವೆಯ ಎದುರು 17 ಓಟಗಳಿಗೆ 5 ವಿಕೆಟ್ಟುಗಳು ಬಿದ್ದಿದ್ದಾಗ, ಕಪಿಲ್ ದೇವ್ ಅಜೇಯರಾಗಿ 175 ಓಟ ಹೊಡೆದರು. ಅಂದು ಅಲ್ಲಿ ದೂರದರ್ಶನದ ಕ್ಯಾಮರಾ ಇರಲಿಲ್ಲ; ಆ ಆಟದ ಚಲಚ್ಚಿತ್ರ ಉಳಿದಿಲ್ಲ. ಆದರೂ ಆ 175 ಓಟಗಳು ಬಾಯಿಂದ ಬಾಯಿಗೆ ನಡೆದು ಇಂದಿಗೂ ಬದುಕಿವೆ. ಕಣ್ಣು ಕಾಣದ ಕೀರ್ತಿಯನ್ನು ಮಾತು ಕಾಪಾಡಬಲ್ಲದು; ಆದರೆ ಅದಕ್ಕೆ ಮಾತಾಡುವವರು ಬೇಕು, ಬರೆಯುವವರು ಬೇಕು. ಕ್ರಿಕೆಟ್ಟಿಗೆ ಅವರಿದ್ದರು. ಕಬಡ್ಡಿಗೆ ಇರಲಿಲ್ಲ.

ಇರಲಿಲ್ಲವೆಂದರೆ ಎಷ್ಟರ ಮಟ್ಟಿಗೆ? 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಮೊದಲ ಸಲ ಪದಕದ ಆಟವಾಯಿತು. ಆ ಕೂಟದಲ್ಲಿ ಭಾರತಕ್ಕೆ ದೊರೆತುದು ಒಂದೇ ಒಂದು ಚಿನ್ನ. ಅದನ್ನು ತಂದವರು ಕಬಡ್ಡಿಯವರು. ಅಲ್ಲಿಂದ 2014ರವರೆಗೆ ಏಳು ಕೂಟಗಳಲ್ಲಿ ಪುರುಷರ ತಂಡ ಏಳು ಚಿನ್ನ ಗೆದ್ದಿತು. ಕರ್ನಾಟಕದ ಬಿ. ಸಿ. ರಮೇಶ್ 2001ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು, 2002ರ ಬೂಸಾನಿನ ಚಿನ್ನದಲ್ಲಿ ಪಾಲುಗಾರರಾದರು. ಇಷ್ಟಾದರೂ, ನನ್ನ ವಿದ್ಯಾರ್ಥಿದೆಸೆಯಲ್ಲಿ ಆ ಏಳು ಮಂದಿಯ ಪೈಕಿ ಒಬ್ಬನ ಹೆಸರನ್ನಾದರೂ ಹೇಳಬಲ್ಲ ಸಹಪಾಠಿಯನ್ನು ನಾನು ಕಾಣಲಿಲ್ಲ. ಕಬಡ್ಡಿ ಎಂದರೆ ಜಾತ್ರೆಯ ಮರುದಿನ ಅಂಗಿ ಕಳಚಿ ಮಣ್ಣಿನಲ್ಲಿ ಹೊರಳುವ ಆಟ. ಗೆದ್ದವರಿಗೆ ಒಂದು ಹಿತ್ತಾಳೆಯ ಕೊಡ, ಸೋತವರಿಗೆ ಮೊಣಕೈಯ ತರಚು. ಆಡುವವನಿಗೆ ಭಾಗ್ಯವಿದ್ದರೆ ರೈಲ್ವೆಯಲ್ಲಿ, ಸೈನ್ಯದಲ್ಲಿ, ಪೊಲೀಸಿನಲ್ಲಿ ಕ್ರೀಡಾ ಕೋಟಾದ ನೌಕರಿ. ಕೀರ್ತಿಯ ಮಾತು ಅಲ್ಲಿ ಇರಲೇ ಇಲ್ಲ.

2014 ಈ ಸ್ಥಿತಿಯನ್ನು ಬದಲಿಸಿತು. ನಮ್ಮ ಊರು ಕಲಬುರಗಿ ಎಂಬ ತನ್ನ ಹೆಸರನ್ನು ಅಧಿಕೃತವಾಗಿ ಮರಳಿ ಪಡೆದುದೂ ಅದೇ ವರ್ಷದ ನವೆಂಬರ್ 1ರಂದು. ಅದಕ್ಕೆ ಮೂರು ತಿಂಗಳು ಮುಂಚೆ, ಜುಲೈ 26ರಂದು, ಎಂಟು ತಂಡಗಳ ಪ್ರೊ ಕಬಡ್ಡಿ ಲೀಗು ಮುಂಬಯಿಯಲ್ಲಿ ಆರಂಭವಾಯಿತು. ಮೊದಲ ಋತುವನ್ನು 43.5 ಕೋಟಿ ಜನ ನೋಡಿದರೆಂದು ಪ್ರಕಟವಾಯಿತು. ಆ ವರ್ಷದ ಐ.ಪಿ.ಎಲ್. ಕ್ರಿಕೆಟ್ಟೊಂದನ್ನು ಬಿಟ್ಟರೆ ಉಳಿದ ಯಾವ ಕ್ರೀಡಾಸರಣಿಗೂ ಅಷ್ಟು ಪ್ರೇಕ್ಷಕರಿರಲಿಲ್ಲ. ಆಟಗಾರರ ಬೆಲೆಯನ್ನು ನೋಡಿ. 2014ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರರದು, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋದರು. 2023ರಲ್ಲಿ ಪವನ್ ಸೆಹ್ರಾವತ್ 2.605 ಕೋಟಿ ಮುಟ್ಟಿದರು. ಇದೇ ಪವನರ ಆಟದಿಂದ 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡ ಪ್ರಶಸ್ತಿ ಗೆದ್ದುದು ಕನ್ನಡಿಗರಿಗೆ ನೆನಪಿದ್ದೀತು. ಗುಜರಾತಿನ ಎದುರು 38–33ರ ಆ ಗೆಲುವಿನಲ್ಲಿ ಅವರೊಬ್ಬರದೇ 22 ಅಂಕ. ಏಳು ಚಿನ್ನಗಳು ಇಪ್ಪತ್ತನಾಲ್ಕು ವರ್ಷದಲ್ಲಿ ಮಾಡದ ಕೆಲಸವನ್ನು ಒಂದು ಪರದೆ ಐದು ವಾರದಲ್ಲಿ ಮಾಡಿತು.

ಪರದೆ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಅದು ಆಟವನ್ನು ತನಗೆ ಬೇಕಾದಂತೆ ತಿದ್ದಿಕೊಂಡಿತು. ಮಣ್ಣು ಹೋಗಿ ಮ್ಯಾಟು ಬಂದಿತು. ಬರಿಗಾಲು ಹೋಗಿ ಬೂಟು ಬಂದಿತು. ಹಿಂದೆ ದಾಳಿಗಾರನ ಉಸಿರೇ ಗಡಿಯಾರ. ‘ಕಬಡ್ಡಿ, ಕಬಡ್ಡಿ’ ಎಂಬ ಜಪ ನಿಯಮದಲ್ಲಿ ಇಂದಿಗೂ ಇದೆಯಾದರೂ ಪ್ರೇಕ್ಷಕನ ಕಣ್ಣು ನೆಟ್ಟಿರುವುದು ಪರದೆಯ ಮೂಲೆಯಲ್ಲಿ ಮೂವತ್ತರಿಂದ ಕೆಳಗಿಳಿಯುವ ಸೆಕೆಂಡುಗಳ ಮೇಲೆ. ಒಂದು ತಂಡ ಸಾಲಾಗಿ ಎರಡು ಸಲ ಅಂಕವಿಲ್ಲದೆ ಮರಳಿದರೆ ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು, ಇಲ್ಲವೇ ದಾಳಿಗಾರ ಹೊರಗೆ. ಸಾವಧಾನಕ್ಕೆ ಅಲ್ಲಿ ಎಡೆಯಿಲ್ಲ. ಈ ತಿದ್ದುಪಡಿಗಳನ್ನು ನಾನು ಹಳಿಯುತ್ತಿಲ್ಲ. ಆಟ ಇವುಗಳಿಂದ ಚುರುಕಾಯಿತೆಂಬುದು ನಿಜ. 2018ರ ಕೊನೆಯಲ್ಲಿ ಕ್ರೀಡೆಗೆಂದೇ ಕನ್ನಡದ ವಾಹಿನಿಯೊಂದು ಬಂದ ಮೇಲೆ ‘ದಾಳಿ’, ‘ಹಿಡಿತ’, ‘ಅಂಕಣ’ ಮುಂತಾದ ಮಾತುಗಳು ಮಕ್ಕಳ ಬಾಯಲ್ಲಿ ಆಡತೊಡಗಿದುದು ಭಾಷೆಯ ಅಧ್ಯಾಪಕನಿಗೆ ಸಂತೋಷದ ವಿಷಯವೇ. ಆದರೆ ಒಂದು ಮಾತನ್ನು ಮರೆಯಬಾರದು. ಸಾಂಕ್ರಾಮಿಕದ ಕಾರಣದಿಂದ, 2021ರ ಡಿಸೆಂಬರಿನಿಂದ 2022ರ ಫೆಬ್ರುವರಿಯವರೆಗೆ ನಡೆದ ಎಂಟನೆಯ ಋತು ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ಜರುಗಿತು. ಎದುರಿಗೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಆಟ ಮಾತ್ರ ನಿಲ್ಲಲಿಲ್ಲ. ಪ್ರೇಕ್ಷಕರಿಲ್ಲದೆ ಈ ಆಟ ನಡೆದೀತು, ಕ್ಯಾಮರಾ ಇಲ್ಲದೆ ನಡೆಯಲಾರದು ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಕ್ಯಾಮರಾ ತಿರುಗಿದ ಕಡೆ ಬೆಳಕು, ತಿರುಗದ ಕಡೆ? ಇದಕ್ಕೆ ಉತ್ತರವನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು. 2016ರಲ್ಲಿ ಲೀಗಿನ ಜೊತೆಗೆ ಮೂರು ತಂಡಗಳ ಮಹಿಳಾ ಕಬಡ್ಡಿಯೊಂದು ನಡೆಯಿತು. ಆ ಮೂರು ತಂಡಗಳಲ್ಲಿ ಎರಡರ ನಾಯಕಿಯರು ಕನ್ನಡತಿಯರು: ಕಾರ್ಕಳ ತಾಲೂಕಿನ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಆ ಪಂದ್ಯಾವಳಿ ಮುಂದಿನ ವರ್ಷ ನಡೆಯಲಿಲ್ಲ. ಪುರುಷರ ಲೀಗು ಮಾತ್ರ ಎಂಟು ತಂಡಗಳಿಂದ ಹನ್ನೆರಡಕ್ಕೆ ಬೆಳೆಯಿತು. ಪರದೆ ಕೊಟ್ಟುದನ್ನು ಪರದೆಯೇ ಹಿಂತೆಗೆದುಕೊಳ್ಳಬಹುದೆಂಬ ಎಚ್ಚರ ನಮ್ಮ ಹುಡುಗರಿಗೂ ಇರಬೇಕು.

ಇನ್ನು ಕಾಲೇಜಿನ ವಿಷಯ. ದೂರದರ್ಶನಕ್ಕೂ ಕಾಲೇಜಿನ ಕೀರ್ತಿಗೂ ಇರುವ ನಂಟನ್ನು ಅಮೆರಿಕದವರಷ್ಟು ಬಲ್ಲವರಿಲ್ಲ. ಅಲ್ಲಿ ಕಾಲೇಜುಗಳ ಫುಟ್‌ಬಾಲ್ 1939ರಲ್ಲಿಯೇ ದೂರದರ್ಶನದಲ್ಲಿ ಕಾಣಿಸಿಕೊಂಡಿತು. 1951ರ ಹೊತ್ತಿಗೆ, ಜನ ಮನೆಯಲ್ಲಿ ಕುಳಿತು ನೋಡಿದರೆ ಮೈದಾನಕ್ಕೆ ಬರುವವರಾರು ಎಂದು ಹೆದರಿ, ಕಾಲೇಜುಗಳ ಕ್ರೀಡಾಮಂಡಲಿ ಪ್ರಸಾರಕ್ಕೆ ಕಡಿವಾಣ ಹಾಕಿತು. ಮೂರು ದಶಕಗಳ ಮೇಲೆ ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದುವು. 1984ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಡಿವಾಣವನ್ನು ಕತ್ತರಿಸಿತು. ಅದೇ ವರ್ಷ ನವೆಂಬರ್ 23ರಂದು ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಎಂಬ ಹುಡುಗ ಕೊನೆಯ ಕ್ಷಣದಲ್ಲಿ ಎಸೆದ ಒಂದು ಚೆಂಡು ಮಯಾಮಿಯ ಎದುರು 47–45ರ ಗೆಲುವನ್ನು ತಂದಿತು. ದೇಶವೆಲ್ಲ ಅದನ್ನು ಕಂಡಿತು. ಆ ಕಾಲೇಜಿಗೆ ಸೇರಬಯಸುವವರ ಅರ್ಜಿಗಳು ಏರಿದುವು. ‘ಫ್ಲೂಟಿ ಪರಿಣಾಮ’ ಎಂಬ ಮಾತೇ ಹುಟ್ಟಿತು. ಅರ್ಜಿಗಳು ಅದಕ್ಕೆ ಮುಂಚಿನಿಂದಲೂ ಏರುತ್ತಲೇ ಇದ್ದುವೆಂದು ಅಲ್ಲಿಯವರೇ ಅನಂತರ ಹೇಳಿದುದುಂಟು. ಆದರೆ ನಂಬಿಕೆ ಲೆಕ್ಕಕ್ಕಿಂತ ಬೇಗ ಓಡುತ್ತದೆ. ಅಂದಿನಿಂದ ಅಲ್ಲಿ ಆಟಗಾರನನ್ನು ಕರೆಯಲು ಹೋಗುವ ತರಬೇತುದಾರ ಹುಡುಗನ ತಾಯ್ತಂದೆಗಳಿಗೆ ಹೇಳುವ ಮಾತುಗಳಲ್ಲಿ ಒಂದು: ‘ನಿಮ್ಮ ಮಗನನ್ನು ನೀವು ವಾರವಾರವೂ ಮನೆಯಲ್ಲಿ ಕುಳಿತೇ ನೋಡಬಹುದು.’

ನಮ್ಮಲ್ಲಿ ಈ ಗಾಳಿ ಈಗ ಬೀಸುತ್ತಿದೆ. ವಿಶ್ವವಿದ್ಯಾಲಯಗಳ ಖೇಲೋ ಇಂಡಿಯಾ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಮೊದಲಾಯಿತು. ಎರಡನೆಯದು 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಡೆದಾಗ, ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಪಟ್ಟಿಯ ತಲೆಯಲ್ಲಿ ನಿಂತಿತು. ಆಟಗಾರರನ್ನು ಗುರುತಿಸಿ, ಊಟ ವಸತಿ ಕೊಟ್ಟು ಓದಿಸುವ ಸಂಸ್ಥೆಗಳು ಕರಾವಳಿಯಲ್ಲಿ ಬಹುಕಾಲದಿಂದ ಇವೆ. ಲೀಗಿನಲ್ಲಿ ಹೆಸರಾದ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಇಬ್ಬರೂ ಆ ಸೀಮೆಯವರು. ಅಲ್ಲಿ ಕಬಡ್ಡಿಗೆ ಊರಿನ ಸಂಘಗಳ ಬೆಂಬಲವಿದೆ, ರಾತ್ರಿಯ ಪಂದ್ಯಗಳ ಸಂಪ್ರದಾಯವಿದೆ. ಬೆಳಕು ಬೀಳುವ ಮೊದಲೇ ನೆಲ ಸಿದ್ಧವಾಗಿತ್ತು. ಆದುದರಿಂದ ಬಿದ್ದ ಬೆಳಕಿನಲ್ಲಿ ಬೆಳೆ ಬಂದಿತು.

ನಮ್ಮ ನೆಲದ ಸ್ಥಿತಿ ಬೇರೆ. ಕಲಬುರಗಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ವರ್ಷಕ್ಕೊಮ್ಮೆ ಅಂತರಕಾಲೇಜು ಪಂದ್ಯಗಳಿವೆ. ಇಲ್ಲಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರು ದೂರದ ಕಮಲಾಪುರ 2018ರಲ್ಲಿ ತಾಲೂಕು ಕೇಂದ್ರವಾಯಿತು. ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿಯೇ ತೆರೆದಿತ್ತು. ದಾರಿಗಳು ಬಂದುವು. ಆದರೆ ದಾರಿಗೆ ಎರಡು ದಿಕ್ಕು. ಎರೆಮಣ್ಣಿನ ಹೊಲದಂಚಿನಲ್ಲಿ ಗೆರೆ ಕೊರೆದು ಬರಿಗಾಲಿನಲ್ಲಿ ಆಡಿ ಬೆಳೆದ ಹುಡುಗ ಮ್ಯಾಟಿನ ಮೇಲೆ ಮೊದಲ ಸಲ ಕಾಲಿಟ್ಟಾಗ ಜಾರುತ್ತಾನೆ. ಜಾರದಂತೆ ಕಲಿಸುವವರು ದೂರದಲ್ಲಿದ್ದಾರೆ. ಅವರಿದ್ದೆಡೆಗೆ ಅವನು ಹೋಗುತ್ತಾನೆ. ಹೋಗುವುದರಲ್ಲಿ ತಪ್ಪೇನಿದೆ?

ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮಿತ್ರರು ಈ ಪ್ರಶ್ನೆಯನ್ನು ನನಗೆ ನೇರವಾಗಿಯೇ ಹಾಕಿದರು. “ನಮ್ಮಲ್ಲಿ ಕೊಡಲು ಏನೂ ಇಲ್ಲ. ಕೊಡುವವರ ಕಡೆ ಹೋಗುವ ಹುಡುಗನನ್ನು ಮಣ್ಣಿನಲ್ಲಿಯೇ ಇರು ಎನ್ನುವುದು ಯಾವ ನ್ಯಾಯ?” ಎಂದರು. ಅವರ ಮಾತು ಸರಿ. ಪ್ರೀತಿಯ ಹೆಸರಿನಲ್ಲಿ ಪ್ರತಿಭೆಯನ್ನು ಕಟ್ಟಿಹಾಕುವುದು ದ್ರೋಣರು ಕೇಳಿದ ದಕ್ಷಿಣೆಗಿಂತ ಭಿನ್ನವಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನವರು ಓದದೆಯೇ ಕಾವ್ಯದಲ್ಲಿ ನಿಪುಣರೆಂದು ಮೆಚ್ಚಿತು. ಸಹಜಪ್ರತಿಭೆಗೆ ಅದಕ್ಕಿಂತ ಹಳೆಯ ಪ್ರಶಸ್ತಿಪತ್ರ ಕನ್ನಡದಲ್ಲಿ ಸಿಕ್ಕುವುದು ಕಷ್ಟ. ಆದರೆ ಅದೇ ಗ್ರಂಥ ಮುಂದೆ ಕಾವ್ಯದ ದೋಷಗಳನ್ನೂ ಗುಣಗಳನ್ನೂ ಪುಟಪುಟಗಳಲ್ಲಿ ಕಲಿಸುತ್ತದೆ. ಸಹಜವಾದುದಕ್ಕೂ ಶಿಕ್ಷಣ ಬೇಕೆಂಬುದೇ ಅದರ ಅಭಿಪ್ರಾಯ. ಕಲಿಯಲು ಹೋಗುವವನನ್ನು ನಾನು ತಡೆಯಲಾರೆ. ನನ್ನ ಚಿಂತೆ ಹೋದವನಿಗೆ ಏನಾಗುತ್ತದೆ, ಅವನನ್ನು ಕೊಟ್ಟ ಊರಿಗೆ ಏನು ಉಳಿಯುತ್ತದೆ ಎಂಬುದು.

ಒಬ್ಬ ಹುಡುಗನ ಮಾತು ಹೇಳುತ್ತೇನೆ. ಕಮಲಾಪುರದ ಹತ್ತಿರದ ಹಳ್ಳಿಯವನು, ನಮ್ಮಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದ. ಅಂತರಕಾಲೇಜು ಪಂದ್ಯದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ಅವನ ಆಟ ಎಲ್ಲೆಲ್ಲಿಗೋ ಹೋಗಿ, ಪರರಾಜ್ಯದ ಒಂದು ಕಾಲೇಜಿನಿಂದ ಕರೆ ಬಂದಿತು. ಶುಲ್ಕವಿಲ್ಲ, ಊಟ ವಸತಿ ಉಚಿತ, ಒಂದು ಜೊತೆ ಬೂಟು. ಹೊಲದಲ್ಲಿ ಕೂಲಿ ಮಾಡುವ ತಂದೆ ಬೇಡವೆನ್ನುವುದು ಹೇಗೆ? ಹುಡುಗ ಹೋದ. ಒಂದು ಸಂಜೆ ಅವನ ಪಂದ್ಯದ ನೇರ ಪ್ರಸಾರವಿತ್ತು. ಊರವರು ಗುಡಿಯ ಕಟ್ಟೆಯ ಮೇಲೆ ಕೂಡಿ ನೋಡಿದರು. ಎರಡನೆಯ ವರ್ಷದಲ್ಲಿ ಮೊಣಕಾಲಿನ ಒಳಕಟ್ಟು ಹರಿಯಿತು. ಮೂರನೆಯ ವರ್ಷದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ವಸತಿಗೃಹದ ಹಾಸಿಗೆಯನ್ನು ಇನ್ನೊಬ್ಬ ಆಟಗಾರನಿಗೆ ಕೊಟ್ಟಾಗಿತ್ತು. ಎರಡು ವಿಶ್ವವಿದ್ಯಾಲಯಗಳ ಪಠ್ಯಕ್ರಮ ಹೊಂದದ ಕಾರಣ ನಮ್ಮಲ್ಲಿ ಮುಂದುವರಿಯುವುದೂ ಸಾಧ್ಯವಾಗಲಿಲ್ಲ. ಈಗ ಅವನು ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿಯನ್ನು ಮೊದಲಿನಿಂದ ಓದುತ್ತಿದ್ದಾನೆ. ಹಗಲು ತೊಗರಿಯ ಹೊಲದಲ್ಲಿ, ಸಂಜೆ ಶಾಲೆಯ ಅಂಗಳದಲ್ಲಿ ಹುಡುಗರಿಗೆ ಕಾಲು ಹಿಡಿಯುವುದನ್ನು ಕಲಿಸುತ್ತ ಇದ್ದಾನೆ. ಅವನ ಬಾಯಿಂದ ದೂರು ಬರಲಿಲ್ಲ. ಆ ಸಂಜೆಯ ಪ್ರಸಾರದಲ್ಲಿ ಅವನ ಹೆಸರಿನ ಮುಂದೆ ಇದ್ದುದು ಆ ಕಾಲೇಜಿನ ಹೆಸರು, ಆ ನಗರದ ಹೆಸರು ಎಂದು ಮಾತ್ರ ಹೇಳಿದ. ಕಮಲಾಪುರದ ಹೆಸರು ಇರಲಿಲ್ಲ.

ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಕಮಲಾಪುರ ಎಂದರೆ ನಮ್ಮ ಕಡೆ ಕೆಂಪು ಬಾಳೆ. ಅದು ಬೇರೆ ಬಾಳೆಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡು ಬೆಳೆಯುತ್ತದೆ, ಹೆಚ್ಚು ಆರೈಕೆ ಬೇಡುತ್ತದೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಎಂದರೆ, ಆ ಹಣ್ಣು ಹೈದರಾಬಾದಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ‘ಕಮಲಾಪುರದ ಕೆಂಪು ಬಾಳೆ’ ಎಂಬ ಹೆಸರನ್ನು ಹೊತ್ತುಕೊಂಡೇ ಹೋಗುತ್ತದೆ. ಬೇರೆ ಊರಿನವರು ಆ ಹೆಸರನ್ನು ಬಳಸುವಂತಿಲ್ಲ. ಹಣ್ಣಿನ ಕೀರ್ತಿ ಹುಟ್ಟಿದ ತೋಟಕ್ಕೆ ಮರಳುತ್ತದೆ. ಅದೇ ಊರಿನ ಸುತ್ತಿನಲ್ಲಿ, ಅದೇ ನೀರು ಕುಡಿದು, ಹದಿನೆಂಟು ವರ್ಷ ಬೆಳೆದ ಹುಡುಗನಿಗೆ ಅಂಥ ಗುರುತಿಲ್ಲ. ಅವನ ಆಟದ ಕೀರ್ತಿ ಅವನನ್ನು ಕೊನೆಯ ಒಂದು ವರ್ಷ ಉಣಿಸಿದ ಸಂಸ್ಥೆಗೆ ಸಲ್ಲುತ್ತದೆ. ಆ ಕೀರ್ತಿಯನ್ನು ಕಂಡು ಮುಂದಿನ ವರ್ಷ ಇನ್ನಿಬ್ಬರು ಹುಡುಗರು ಅಲ್ಲಿಗೆ ಹೊರಡುತ್ತಾರೆ. ಪ್ರಸಾರದಿಂದ ಹೆಸರು, ಹೆಸರಿನಿಂದ ಆಟಗಾರರು, ಆಟಗಾರರಿಂದ ಗೆಲುವು, ಗೆಲುವಿನಿಂದ ಮತ್ತೆ ಪ್ರಸಾರ: ಈ ಚಕ್ರ ಒಮ್ಮೆ ತಿರುಗತೊಡಗಿದರೆ ಅದರ ಹೊರಗಿರುವ ಕಾಲೇಜಿಗೆ ಒಳಗೆ ಬರುವ ದಾರಿಯೇ ಕಾಣದು. ದೂರದರ್ಶನ ಕಬಡ್ಡಿಗೆ ಮಾನ ತಂದಿತು, ನಿಜ. ಆದರೆ ಆ ಮಾನವನ್ನು ಅದು ಹಂಚಲಿಲ್ಲ, ಮೊದಲೇ ಇದ್ದವರಲ್ಲಿ ರಾಶಿ ಹಾಕಿತು.

ಹಾಗಾದರೆ ಮಾಡಬೇಕಾದುದೇನು? ಲೀಗನ್ನು ಬೈದು ಫಲವಿಲ್ಲ. ಕ್ಯಾಮರಾವನ್ನು ಬೇಡಿಕೊಂಡು ಕುಳಿತರೂ ಫಲವಿಲ್ಲ. ನನಗೆ ತೋಚಿದ ಮೂರು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಒಂದು: ಆಟಕ್ಕಾಗಿ ಹುಡುಗನನ್ನು ಕರೆದುಕೊಳ್ಳುವ ಯಾವ ಕಾಲೇಜೇ ಆಗಲಿ, ಅವನು ಆಡಿದರೂ ಆಡದಿದ್ದರೂ ಪದವಿ ಮುಗಿಯುವವರೆಗೆ ಓದು ವಸತಿಗಳನ್ನು ಕೊಡುವೆನೆಂದು ಬರೆದುಕೊಡಬೇಕು. ಇದು ಅತಿಯಾದ ಬೇಡಿಕೆಯಲ್ಲ. ಅಮೆರಿಕದಲ್ಲಿ 1973ರಿಂದ ಆಟಗಾರರ ವಿದ್ಯಾರ್ಥಿವೇತನ ವರ್ಷವರ್ಷವೂ ನವೀಕರಿಸಬೇಕಾದುದಾಗಿತ್ತು. ಕಾಲು ಮುರಿದವನು ಬೀದಿಗೆ ಬೀಳುವ ಭಯವಿತ್ತು. 2012ರಿಂದ ಹಲವು ವರ್ಷಗಳ ವೇತನಕ್ಕೆ ಅನುಮತಿ ದೊರೆಯಿತು. 2015ರಲ್ಲಿ ಅಲ್ಲಿಯ ಐದು ಪ್ರಮುಖ ಒಕ್ಕೂಟಗಳು ಆಟ ಸಾಲದೆಂಬ ಕಾರಣಕ್ಕಾಗಿ ವೇತನವನ್ನು ನಿಲ್ಲಿಸಕೂಡದೆಂದು ಗೊತ್ತುಮಾಡಿದುವು. ಅಷ್ಟು ಹಣವಿರುವಲ್ಲಿಯೇ ಈ ವಿವೇಕಕ್ಕೆ ನಾಲ್ಕು ದಶಕ ಹಿಡಿಯಿತು. ನಾವು ಅಷ್ಟು ಕಾಯಬೇಕಾಗಿಲ್ಲ. ಬಾಗಿಲಿಗೆ ಕರೆ ಬಂದಾಗ ತಂದೆತಾಯಿಗಳು ಕೇಳಬೇಕಾದ ಮೊದಲ ಪ್ರಶ್ನೆ, “ಟಿವಿಯಲ್ಲಿ ಬರುತ್ತಾನೆಯೆ?” ಎಂಬುದಲ್ಲ, “ಗಾಯವಾದರೆ ಓದು ಮುಗಿಯುತ್ತದೆಯೆ?” ಎಂಬುದು. ಈ ಪ್ರಶ್ನೆಯನ್ನು ಅವರಿಗೆ ಕಲಿಸಿಕೊಡುವುದು ಅಧ್ಯಾಪಕರ ಕೆಲಸ.

ಎರಡು: ಪ್ರತಿಯೊಂದು ತಾಲೂಕು ಕೇಂದ್ರದಲ್ಲಿ ಮಳೆಗೆ ನೆನೆಯದ ಒಂದು ಮಾಡು, ಅದರ ಕೆಳಗೆ 13 ಮೀಟರು ಉದ್ದ 10 ಮೀಟರು ಅಗಲದ ಒಂದು ಮ್ಯಾಟು, ವಾರದಲ್ಲಿ ಮೂರು ದಿನ ಹುಡುಗಿಯರಿಗೇ ಮೀಸಲಾದ ವೇಳೆ. ಕಬಡ್ಡಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಬಡವರ ಆಟವಾದುದೇ ಅದರ ಭಾಗ್ಯ. ಹುಡುಗ ಹದಿನೆಂಟರವರೆಗೆ ಇಲ್ಲಿಯೇ ಮ್ಯಾಟಿನ ಮೇಲೆ ಕಾಲೂರಲು ಕಲಿತರೆ, ಮುಂದೆ ಹೋಗುವಾಗ ಅವನು ಬೇಡುವವನಾಗಿ ಹೋಗುವುದಿಲ್ಲ, ಆಯ್ಕೆ ಮಾಡುವವನಾಗಿ ಹೋಗುತ್ತಾನೆ. ಕೆಲವರು ಹೋಗದೆಯೂ ಇರಬಹುದು.

ಮೂರನೆಯದಕ್ಕೆ ಹಣ ಬೇಡ. ಪರದೆಯ ಮೇಲೆ ಆಟಗಾರನ ಹೆಸರು, ಎತ್ತರ, ತೂಕ, ಹರಾಜಿನ ಬೆಲೆ ಎಲ್ಲವೂ ಬರುತ್ತವೆ. ಅದರ ಜೊತೆಗೆ ಇನ್ನೊಂದು ಸಾಲು ಬರಲಿ: ಅವನು ಮೊದಲು ಆಡಿದ ಶಾಲೆ, ಊರು, ಮೊದಲು ಕಲಿಸಿದವರ ಹೆಸರು. ವೀಕ್ಷಕ ವಿವರಣೆ ಮಾಡುವವರು ಹಿಡಿತಕ್ಕೂ ದಾಳಿಗೂ ನಡುವೆ ಅದನ್ನು ಒಂದು ಉಸಿರಿನಲ್ಲಿ ಹೇಳಬಹುದು. ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ: ಬಿದ್ದ ವೀರನ ಹೆಸರಿನೊಡನೆ ಅವನ ಊರಿನ ಹೆಸರನ್ನೂ ಕಂಡರಿಸಿದ ಕಲ್ಲುಗಳು ಎಷ್ಟೋ ಇವೆ. ನಾಲ್ಕಕ್ಷರ ಬಲ್ಲ ಶಿಲ್ಪಿಗೆ ಹೊಳೆದುದು ನಮ್ಮ ಪ್ರಸಾರಕರಿಗೆ ಹೊಳೆಯದಿರಲು ಕಾರಣವಿಲ್ಲ. ಪ್ರಸಾರಕರು ಮಾಡುವವರೆಗೆ ನಾವು ಮಾಡೋಣ. ಅಂತರಕಾಲೇಜು ಪಂದ್ಯಗಳನ್ನು ವಿದ್ಯಾರ್ಥಿಗಳೇ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದಕ್ಕೆ ಕನ್ನಡದಲ್ಲಿ ವಿವರಣೆ ಹೇಳುವ ಕೆಲಸವನ್ನು ನಮ್ಮ ಕನ್ನಡ ಸಂಘಗಳು ವಹಿಸಿಕೊಳ್ಳಲಿ. ಆಟಗಾರ ಅಂಕಣಕ್ಕೆ ಇಳಿದಾಗಲೆಲ್ಲ ಅವನ ಹಳ್ಳಿಯ ಹೆಸರನ್ನು ಗಟ್ಟಿಯಾಗಿ ಹೇಳಲಿ. ಮುಂದಿನ ಪಂದ್ಯಾವಳಿಗೆ ನಮ್ಮ ಎರಡನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರು ಈ ಕೆಲಸಕ್ಕೆ ಒಪ್ಪಿದ್ದಾರೆ. ಆಟಗಾರರ ಊರುಗಳ ಪಟ್ಟಿಯನ್ನು ಈಗಲೇ ಬರೆದುಕೊಳ್ಳುತ್ತಿದ್ದಾರೆ.